ಅಪ್ಪನ ಜನತಾಕ್ಕೆ ಮೂರು ಚೈನು

ಅಪ್ಪ 1984ರಲ್ಲಿ ಕೊಂಡ ಎಚ್‌ಎಂಟಿ ಜನತಾ ಗಡಿಯಾರ ಈಗ ನನ್ನ ಬಲಗೈಯಲ್ಲಿದೆ. ಎಡಗೈ ಬಳೆಗಳದ್ದು. ನಾನು ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ದಿನಕ್ಕೆ ಐದು ಪೀರಿಯಡ್ ಆ ಬಲಗೈ ಬೋರ್ಡಿನ ಮೇಲೆಯೇ ಇರುತ್ತದೆ. ಸಡಿಲವಾದ ಚೈನು ಎಷ್ಟು ಕಾಡುತ್ತದೆ ಎಂಬುದು ಕೈ ಮೇಲೆತ್ತಿ ಬರೆಯುವವರಿಗೆ ಗೊತ್ತು. ಗಡಿಯಾರ ಮೊಣಕೈಯತ್ತ ಜಾರುತ್ತದೆ, ಕೈ ಇಳಿಸಿದರೆ ಮಣಿಕಟ್ಟಿನ ಮೂಳೆಗೆ ಬಂದು ಬಡಿಯುತ್ತದೆ. ಚರ್ಮದ ಬೆಲ್ಟು ಕಲಬುರಗಿಯ ಬೇಸಿಗೆಯ ಬೆವರಿಗೆ ಒಂದು ವರ್ಷವೂ ಬಾಳಲಿಲ್ಲ. ಹೀಗಾಗಿ ಎರಡು ತಿಂಗಳಲ್ಲಿ ಮೂರು ಚೈನು ಹಾಕಿ ನೋಡಿದೆ.

ಮೊದಲನೆಯದು ಅಪ್ಪನದೇ ಹಳೆಯ ಚೈನು. ತಗಡನ್ನು ಮಡಚಿ ಮಾಡಿದ ಕೊಂಡಿಗಳು, ಒಳಗೆಲ್ಲ ಟೊಳ್ಳು. ತೂಕವೇ ತಿಳಿಯುವುದಿಲ್ಲ, ಗಾಳಿಯೂ ಆಡುತ್ತದೆ. ಆದರೆ ಕೈ ಅಲುಗಿದಾಗಲೆಲ್ಲ ಜಲಜಲ ಸದ್ದು, ಮಡಿಕೆಗಳ ನಡುವೆ ಸಿಕ್ಕಿಕೊಳ್ಳುವ ಸೀರೆಯ ಸೆರಗಿನ ಎಳೆ.

ಎರಡನೆಯದನ್ನು ಒಂದು ದೊಡ್ಡ ಅಂಗಡಿಯಲ್ಲಿ 900 ರೂಪಾಯಿ ಕೊಟ್ಟು ತಂದೆ. ಗಟ್ಟಿ ಉಕ್ಕಿನ ಮೂರು ಸಾಲಿನ ಕೊಂಡಿಗಳು. ಅಂಗೈಯಲ್ಲಿ ಹಿಡಿದಾಗ ಬಹಳ ಮೆಚ್ಚಿದ್ದೆ. ಕಟ್ಟಿಕೊಂಡ ಮೇಲೆ ತಪ್ಪು ತಿಳಿಯಿತು: ತೆಳುವಾದ ಜನತಾಕ್ಕಿಂತ ಚೈನೇ ಭಾರ. ತುದಿಯಿಂದ ಲಾಕಿನವರೆಗೂ ಒಂದೇ 18 ಮಿಲಿಮೀಟರ್ ಅಗಲವಿದ್ದುದರಿಂದ ಮಣಿಕಟ್ಟಿನ ಕೆಳಗೆ ಹಲಗೆ ಕಟ್ಟಿದಂತಿತ್ತು. ಉದ್ದ ಕಡಿಮೆ ಮಾಡಲು ಅಲ್ಲಿನ ಹುಡುಗ ಕೊಂಡಿಗಳನ್ನು ಜೋಡಿಸುವ ಪಿನ್ನನ್ನು ಬಾಣದ ಗುರುತಿಗೆ ಎದುರಾಗಿ ಬಡಿದು, ಎರಡು ಕೊಂಡಿಗಳ ಮೇಲೆ ಗೀರು ಮಾಡಿದ. ಬಾಣ ಇರುವುದೇ ಪಿನ್ ಯಾವ ಕಡೆಗೆ ಹೊರಬರಬೇಕೆಂದು ತೋರಿಸಲು. ಅಪ್ಪನ ಗಡಿಯಾರಕ್ಕೆಂದು ತಂದದ್ದು ಹಾಗಾದಾಗ ನನಗೆ ನಿಜಕ್ಕೂ ಹೊಟ್ಟೆ ಉರಿಯಿತು.

ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯ ಒಂದು ಸಂದಿಯಲ್ಲಿ ಗಾಜಿನ ಪೆಟ್ಟಿಗೆ ಇಟ್ಟುಕೊಂಡು ಕೂರುವ ಚಾಚಾ ಸಿಕ್ಕಿದ್ದು ಆ ಮೇಲೆ. ಈ ಬರಹ ಅವರ ಕೆಲಸದ ಬಗೆಗೇ. ಗಡಿಯಾರ ನೋಡುವ ಮೊದಲು ಅವರು ನನ್ನ ಮಣಿಕಟ್ಟು ನೋಡಿದರು. “ಟೀಚರ್, ಬಳೆಗೆ ಅಳತೆ ನೋಡುತ್ತೀರಿ, ಇದಕ್ಕೇಕೆ ನೋಡಲಿಲ್ಲ?” ಎಂದರು. ಅವರು ತೆಗೆದುಕೊಟ್ಟದ್ದು ಐದು ಸಾಲಿನ ಸಣ್ಣ ಕೊಂಡಿಗಳ ಚೈನು, ರೋಲೆಕ್ಸ್ ಕಂಪನಿ 1945ರಲ್ಲಿ ತಂದ ಜ್ಯೂಬಿಲಿ ಚೈನಿನ ಮಾದರಿಯದು. ಬೆಲೆ 350. ಕೊಂಡಿ ಗಿಡ್ಡವಾದಷ್ಟೂ ಚೈನು ಕೈಯ ದುಂಡಿಗೆ ಬಾಗುತ್ತದೆ. ಇದು ಗಡಿಯಾರದ ಕಿವಿಯ, ಅಂದರೆ ಚೈನು ಸಿಕ್ಕಿಸುವ ಜಾಗದ, ಬಳಿ 18, ಲಾಕಿನ ಬಳಿ 16 ಮಿಲಿಮೀಟರ್. ಎರಡು ಮಿಲಿಮೀಟರ್ ಕಡಿಮೆಯಾದರೆ ಮೇಜಿನ ಮೇಲೆ ಕೈ ಊರಿ ಉತ್ತರಪತ್ರಿಕೆ ತಿದ್ದುವಾಗ ಎಷ್ಟು ಸುಖವೆಂದು ನಾನು ಎಣಿಸಿಯೇ ಇರಲಿಲ್ಲ.

ಆದರೂ ಪೆಟ್ಟಿಗೆಯಿಂದ ತೆಗೆದು ಹಾಗೆಯೇ ಹಾಕಿದ್ದರೆ ಅದೂ ಸಾಧಾರಣ ಚೈನೇ ಆಗಿರುತ್ತಿತ್ತು. ಚಾಚಾ ಆರರ ಕಡೆಯಿಂದ ಮೂರು, ಹನ್ನೆರಡರ ಕಡೆಯಿಂದ ಎರಡು ಕೊಂಡಿ ತೆಗೆದರು. ಲಾಕು ಮಣಿಕಟ್ಟಿನ ನಟ್ಟನಡುವೆ ಬಂದು ಕೂತಿತು. ಗಡಿಯಾರದ ಕಿವಿಗೆ ಸೇರುವ ಟೊಳ್ಳು ತುದಿ ಲಟಲಟ ಅಲುಗುತ್ತಿತ್ತು. ಅದರ ಒಳಗಿನ ತಗಡಿನ ನಾಲಿಗೆಯನ್ನು ಇಕ್ಕಳದಿಂದ ಕೂದಲೆಳೆಯಷ್ಟು ಒತ್ತಿ, ಚೈನನ್ನು ಕಿವಿಗೆ ಹಿಡಿದಿಡುವ ಸ್ಪ್ರಿಂಗ್ ಕಡ್ಡಿಯನ್ನು ತುಸು ದಪ್ಪದ್ದಕ್ಕೆ ಬದಲಿಸಿದರು. ಸದ್ದು ನಿಂತಿತು. ಲಾಕಿನ ಚೂಪು ಅಂಚನ್ನು ನೀರು ಹಚ್ಚಿದ ನಯವಾದ ಉಜ್ಜುಕಾಗದದಿಂದ ತೀಡಿ, ತಮ್ಮದೇ ಮಣಿಕಟ್ಟಿಗೆ ಒತ್ತಿ ನೋಡಿ, ಮತ್ತೆ ತೀಡಿದರು. ಇಷ್ಟಕ್ಕೂ ಕೂಲಿ 80 ರೂಪಾಯಿ.

ಲಾಕಿನ ಪಕ್ಕದ ಸಣ್ಣ ರಂಧ್ರಗಳ ಬಳಕೆಯನ್ನೂ ಅವರೇ ಕಲಿಸಿದರು. ಏಪ್ರಿಲ್ ಮಧ್ಯಾಹ್ನ ನಲವತ್ತು ಡಿಗ್ರಿ ದಾಟಿದಾಗ ಕೈ ಊದುತ್ತದೆ. ಬೆಳಿಗ್ಗೆ ಹಿತವಾಗಿದ್ದ ಚೈನು ಮೂರು ಗಂಟೆಗೆ ಹಿಸುಕುತ್ತದೆ. ಬೇಸಿಗೆಗೆ ಲಾಕಿನ ಕಡ್ಡಿಯನ್ನು ಒಂದು ರಂಧ್ರ ಹೊರಗೆ ಸರಿಸಬೇಕು, ಚಳಿಗೆ ಒಳಗೆ. ಕಿರುಬೆರಳಿನ ತುದಿ ಚೈನಿನ ಕೆಳಗೆ ಹೋಗಬೇಕು, ಅದಕ್ಕಿಂತ ಹೆಚ್ಚು ಬೇಡ.

ಒಂದು ಕೊರತೆ ಉಳಿದಿದೆ. ಲಾಕು ಒತ್ತಿ ಮಾಡಿದ ತೆಳು ತಗಡಿನದು. ಮುಚ್ಚುವಾಗ ಗಟ್ಟಿ ಚೈನಿನ ಲಾಕಿನ ಭರವಸೆಯ ಸದ್ದು ಇದಕ್ಕಿಲ್ಲ. ಸೀಮೆಸುಣ್ಣದ ಪುಡಿ ಬೆವರಿಗೆ ಸೇರಿ ಕೊಂಡಿಗಳಲ್ಲಿ ಗಟ್ಟಿಯಾಗುವುದೂ ಉಂಟು. ಪ್ರತಿ ಭಾನುವಾರ ಚೈನನ್ನು ಗಡಿಯಾರದಿಂದ ಬಿಡಿಸಿ, ಸಾಬೂನಿನ ಬಿಸಿನೀರಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತೊಳೆಯುತ್ತೇನೆ. ಜನತಾಕ್ಕೆ ಮಾತ್ರ ಒಂದು ಹನಿಯೂ ತಾಗಬಾರದು.

ಚಾಚಾ ಶುಕ್ರವಾರ ಮಧ್ಯಾಹ್ನ ನಮಾಜಿಗೆ ಹೋಗಿರುತ್ತಾರೆ, ನಾಲ್ಕರ ನಂತರ ಹೋಗಿ. ತೆಗೆದ ಕೊಂಡಿಗಳನ್ನು ಅವರು ಸಣ್ಣ ಪೊಟ್ಟಣದಲ್ಲಿ ಕಟ್ಟಿ ಕೊಡುತ್ತಾರೆ. ನನ್ನ ಐದು ಕೊಂಡಿಗಳು ಅಪ್ಪನ ಹಳೆಯ ಚೈನಿನ ಜೊತೆಗೆ ಅಲಮಾರಿಯಲ್ಲಿವೆ.