ಮೊಡವೆಯ ಗುಳಿಗಳಿಗೆ ಲೇಸರ್: ಮುಂಬೈಯ ಮುಲುಂಡಿನಿಂದ ಒಂದು ದೀರ್ಘಾವಧಿಯ ಅನುಭವ

ಮೊಡವೆ ಮಾಯ್ದ ಮೇಲೆ ಕೆನ್ನೆಗಳಲ್ಲಿ ಉಳಿದ ಗುಳಿಗಳಿಗೆ ನಾನು ಫ್ರ್ಯಾಕ್ಷನಲ್ ಕಾರ್ಬನ್ ಡೈಆಕ್ಸೈಡ್ ಲೇಸರ್ ಚಿಕಿತ್ಸೆಯನ್ನು 2023ರ ಫೆಬ್ರವರಿಯಿಂದ ಡಿಸೆಂಬರಿನ ನಡುವೆ ನಾಲ್ಕು ಸಲ ಮಾಡಿಸಿಕೊಂಡೆ. ಸಲಕ್ಕೆ 9,000 ರೂಪಾಯಿ. ಮುಲಾಮು, ಸನ್‌ಸ್ಕ್ರೀನ್‌ಗಳ ಖರ್ಚು ಬೇರೆ. ಗುಳಿಗಳು ಹೆಚ್ಚುಕಡಿಮೆ ಅರ್ಧದಷ್ಟು ತುಂಬಿವೆ. ಪೂರ್ತಿ ಹೋಗಿಲ್ಲ, ಹೋಗುತ್ತವೆಂದು ನನ್ನ ಚರ್ಮವೈದ್ಯರು ಹೇಳಿಯೂ ಇರಲಿಲ್ಲ.

ಹಾಗೆ ಹೇಳಿದವರು ಬೇರೆಯೇ ಇದ್ದರು. ಮೊದಲು ನಾನು ವಿಚಾರಿಸಿದ್ದ ಒಂದು ಸೌಂದರ್ಯ ಕ್ಲಿನಿಕ್‌ನಲ್ಲಿ ಗುಳಿ, ಬಂಗು, ಕಪ್ಪು ಕಲೆ ಎಲ್ಲಕ್ಕೂ ಒಂದೇ ಯಂತ್ರ ಸಾಕೆಂದು ಆರು ಸಿಟ್ಟಿಂಗ್‌ಗಳ ಪ್ಯಾಕೇಜನ್ನು ಮುಂದಿಟ್ಟರು. ಆ ಯಂತ್ರ ಯಾವುದೆಂದು ಕೇಳಿದರೆ ಕೌಂಟರಿನಲ್ಲಿದ್ದವರಿಗೆ ತಿಳಿದಿರಲಿಲ್ಲ. ಆದರೆ ಗುಳಿಗೂ ಬಣ್ಣಕ್ಕೂ ಲೇಸರ್ ಒಂದೇ ಅಲ್ಲ. ಬಣ್ಣದ ತೊಂದರೆಗಳಿಗೆ ಸಾಮಾನ್ಯವಾಗಿ ಬಳಸುವ ಕ್ಯೂ-ಸ್ವಿಚ್ಡ್ ಎನ್‌ಡಿ-ಯಾಗ್ ಲೇಸರಿನ 1,064 ನ್ಯಾನೋಮೀಟರ್ ಬೆಳಕನ್ನು ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಹೀರಿಕೊಳ್ಳುತ್ತದೆ. ಕಾರ್ಬನ್ ಡೈಆಕ್ಸೈಡ್ ಲೇಸರಿನ 10,600 ನ್ಯಾನೋಮೀಟರ್ ಕಿರಣವನ್ನು ಹೀರುವುದು ಚರ್ಮದೊಳಗಿನ ನೀರು. ಎರಡನೆಯದು ಸೂಜಿಮೊನೆಯಂಥ ಸಾವಿರಾರು ಚುಕ್ಕೆಗಳನ್ನು ಸುಟ್ಟು, ನಡುನಡುವೆ ಆರೋಗ್ಯವಂತ ಚರ್ಮವನ್ನು ಹಾಗೆಯೇ ಬಿಡುವುದರಿಂದ ಗಾಯ ಬೇಗ ಮಾಯುತ್ತದೆ. ಒಳಗೆ ಚರ್ಮಕ್ಕೆ ಆಧಾರವಾದ ಕೊಲಾಜನ್ ಎಂಬ ಪ್ರೋಟೀನು ಹೊಸದಾಗಿ ಕಟ್ಟಿಕೊಳ್ಳಲು ಮಾತ್ರ ತಿಂಗಳುಗಳೇ ಬೇಕು. ಹೀಗಾಗಿ ಮೊದಲ ತಿಂಗಳಲ್ಲೇ ಕನ್ನಡಿ ನೋಡಿ ನಿರಾಶಳಾದದ್ದು ನನ್ನದೇ ಅವಸರ.

ಮರಗಟ್ಟಿಸುವ ಕ್ರೀಮನ್ನು ಹಚ್ಚಿ, ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಒಂದು ಗಂಟೆ ಕೂರಿಸುತ್ತಾರೆ. ಅಷ್ಟಾದರೂ ನೋವಿದೆ: ಒಗ್ಗರಣೆಯ ಸಾಸಿವೆ ಸಿಡಿದು ಮುಖಕ್ಕೆ ಹಾರಿದಂತೆ, ಅದೂ ಬಿಡದೆ ಹತ್ತು ನಿಮಿಷ, ಜೊತೆಗೆ ಕೂದಲು ಸುಟ್ಟ ವಾಸನೆ. ಆ ದಿನವೆಲ್ಲ ಮುಖ ಕೆಂಪಾಗಿ ಉರಿಯುತ್ತದೆ. ಮೂರನೆಯ ದಿನ ಕೆನ್ನೆ ಸವರಿದರೆ ರವೆ ಅಂಟಿಕೊಂಡಂತೆ ತರಿತರಿ. ಆ ಕಂದು ಚುಕ್ಕೆಗಳನ್ನು ಕೀಳದೆ ಬಿಟ್ಟರೆ ಆರೇಳು ದಿನಗಳಲ್ಲಿ ತಾವಾಗಿಯೇ ಉದುರುತ್ತವೆ.

ಎಡವಿದ್ದು ಎರಡನೆಯ ಸಲ. ಏಪ್ರಿಲಿನಲ್ಲಿ ಮಾಡಿಸಿಕೊಂಡು, ಹನ್ನೆರಡೇ ದಿನಕ್ಕೆ ಬ್ರಹ್ಮಾವರದಲ್ಲಿ ಚಿಕ್ಕಮ್ಮನ ಮಗಳ ಮದುವೆಗೆ ಹೋಗಿ, ಚಪ್ಪರದ ಹೊರಗೆ ಎರಡು ದಿನ ಓಡಾಡಿದೆ. ತಿರುಗಿ ಬರುವಷ್ಟರಲ್ಲಿ ಲೇಸರ್ ತಾಗಿದ ಜಾಗವೆಲ್ಲ ಕಪ್ಪಿಟ್ಟಿತ್ತು. ನಮ್ಮಂಥ ಗೋಧಿಬಣ್ಣದ, ಕಂದುಬಣ್ಣದ ಚರ್ಮದಲ್ಲಿ ಉರಿಯೂತದ ಬೆನ್ನಿಗೆ ಹೀಗೆ ಕಪ್ಪಾಗುವ ಸಂಭವ ಬಿಳಿಯ ಚರ್ಮಕ್ಕಿಂತ ಹೆಚ್ಚು. ಈ ಮಾತನ್ನು ವೈದ್ಯರು ಮೊದಲೇ ಹೇಳಿದ್ದರು. ಆದರೆ ಮುಂದಿನ ವಾರಗಳಲ್ಲಿ ಪ್ರಯಾಣವಿದೆಯೇ ಎಂದು ದಿನ ಗೊತ್ತುಮಾಡುವಾಗ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಕಪ್ಪು ತಿಳಿಯಾಗಲು ಸೆಪ್ಟೆಂಬರ್ ಬಂತು. ಕಡಲೆಹಿಟ್ಟು ಹಚ್ಚಿದ್ದರೆ ಇಷ್ಟೆಲ್ಲ ಆಗುತ್ತಿತ್ತೇ ಎಂದು ಅಮ್ಮ ಪ್ರತಿ ಭಾನುವಾರ ಫೋನಿನಲ್ಲಿ ಕೇಳುತ್ತಿದ್ದರು. ಉಳಿದೆರಡನ್ನು ಮಳೆಗಾಲ ಕಳೆದ ಮೇಲೆ, ಅಕ್ಟೋಬರ್ ಮತ್ತು ಡಿಸೆಂಬರಿನಲ್ಲಿ, ಪಂಚಾಂಗ ನೋಡಿದಷ್ಟೇ ಎಚ್ಚರದಿಂದ ದಿನ ಆರಿಸಿ ಮಾಡಿಸಿಕೊಂಡೆ.

ಆಗಲೂ ಎಡಗೆನ್ನೆ ಬಲಗೆನ್ನೆಗಿಂತ ನಿಧಾನವಾಗಿಯೇ ತಿಳಿಯಾಗುತ್ತಿತ್ತು. ಕಾರಣ ಹೊಳೆದದ್ದು ಲೋಕಲ್ ಟ್ರೈನಿನಲ್ಲಿ. ಬೆಳಿಗ್ಗೆ ಮುಲುಂಡಿನಿಂದ ದಕ್ಷಿಣಕ್ಕೆ ಸಿಎಸ್‌ಎಂಟಿ ನಿಲ್ದಾಣದ ಕಡೆ ಹೋಗುವಾಗ ಪೂರ್ವದ ಬಿಸಿಲು ಎಡಗಡೆಯ ಕಿಟಕಿಯಿಂದ ಬೀಳುತ್ತದೆ; ಸಂಜೆ ಉತ್ತರಕ್ಕೆ ಮರಳುವಾಗ ಪಶ್ಚಿಮದ ಬಿಸಿಲು ಬೀಳುವುದೂ ಎಡಗಡೆಯಿಂದಲೇ. ಲೇಡೀಸ್ ಡಬ್ಬಿಯಲ್ಲಿ ಎಡಗಡೆಯ ಕಿಟಕಿ ಸಿಕ್ಕರೆ ಅದನ್ನು ವರ್ಷಗಳಿಂದ ಅದೃಷ್ಟವೆಂದುಕೊಂಡಿದ್ದೆ! ಇಲ್ಲಿಯ ಬೆವರಿಗೆ ಬೆಳಿಗ್ಗೆ ಹಚ್ಚಿದ ಸನ್‌ಸ್ಕ್ರೀನ್ ದಾರಿಯ ನಡುವಿನ ದಾದರ್ ತನಕವೂ ನಿಲ್ಲುವುದಿಲ್ಲ. ಆಫೀಸಿನಲ್ಲಿ ಊಟದ ಹೊತ್ತಿಗೊಮ್ಮೆ, ಹೊರಡುವ ಮೊದಲೊಮ್ಮೆ ಎಸ್‌ಪಿಎಫ್ 50ರದನ್ನು ಮತ್ತೆ ಹಚ್ಚಿಕೊಳ್ಳುವ ಅಭ್ಯಾಸ ಮಾಡಿಕೊಂಡಿದ್ದೇನೆ.

ಈಗ ಕೊನೆಯ ಸಿಟ್ಟಿಂಗ್ ಆಗಿ ಒಂದು ವರ್ಷ ದಾಟಿದೆ. ತುಂಬಿದ್ದು ಹಾಗೆಯೇ ನಿಂತಿದೆ, ಮತ್ತೆ ತಗ್ಗಿಲ್ಲ. ಅಗಲವಾದ, ಆಳವಿಲ್ಲದ ಗುಳಿಗಳಿಗೆ ಫಲ ಚೆನ್ನಾಗಿ ಸಿಕ್ಕಿದೆ. ಎಡಗಣತಲೆಯ ಬಳಿಯ ಮೊಳೆ ಹೊಡೆದಂಥ ಮೂರು ಕಿರಿದಾದ ಗುಳಿಗಳು ಜಗ್ಗಿಲ್ಲ. ಅಂಥವುಗಳ ತಳಕ್ಕೆ ಕಡ್ಡಿಯಿಂದ ಟಿಸಿಎ (ಟ್ರೈಕ್ಲೋರೋಅಸಿಟಿಕ್) ಆಮ್ಲ ಮುಟ್ಟಿಸುವ ಬೇರೆ ವಿಧಾನವನ್ನು ವೈದ್ಯರು ಸೂಚಿಸಿದ್ದಾರೆ. ಚಳಿ ಶುರುವಾಗಲಿ ಎಂದು ತಡೆದಿದ್ದೇನೆ. ಅಲ್ಲಿಯವರೆಗೆ ಟ್ರೈನಿನಲ್ಲಿ ಕೂರುವುದು ಬಲಗಡೆಗೆ, ಸಿಗದಿದ್ದರೆ ನಿಂತೇ ಹೋಗುವುದು.