ಶೋಪಾನ್ ಪಿಯಾನೊಗೆ ಎಷ್ಟು ಪಕ್ಕವಾದ್ಯ ಬೇಕು? ನಾಲ್ಕು ರೆಕಾರ್ಡಿಂಗ್‌ಗಳ ಹೋಲಿಕೆ

ಪೋಲೆಂಡ್‌ನ ಸಂಗೀತ ರಚನೆಕಾರ ಶೋಪಾನ್‌ನ ಇ ಮೈನರ್ ಪಿಯಾನೊ ಕಾನ್ಸೆರ್ಟೊ (ಪಿಯಾನೊ ಮುಂದೆ, ಆರ್ಕೆಸ್ಟ್ರಾ ಜೊತೆಗೆ ನುಡಿಸುವ ಕೃತಿ) ಬಗ್ಗೆ ಎಲ್ಲಿ ಓದಿದರೂ ಒಂದು ದೂರು ಇದ್ದೇ ಇರುತ್ತದೆ. ಪಿಯಾನೊ ಭಾಗ ಚಿನ್ನ, ಆರ್ಕೆಸ್ಟ್ರಾ ಸಪ್ಪೆ ಅಂತ. ಬಹಳ ದಿನ ನಾನೂ ಹಾಗೇ ಅಂದುಕೊಂಡಿದ್ದೆ. ಒಂದು ಸಲ ಚೇಂಬರ್ ಆರ್ಕೆಸ್ಟ್ರಾ, ಅಂದರೆ ಕಡಿಮೆ ಜನರ ಸಣ್ಣ ಆರ್ಕೆಸ್ಟ್ರಾ ಜೊತೆ ನುಡಿಸಿದ್ದನ್ನು ಕೇಳಿದೆ ನೋಡಿ, ಆ ಮಾತಿನ ಮೇಲೇ ಅನುಮಾನ ಬಂತು. ಅದಕ್ಕೇ ನಾಲ್ಕು ರೆಕಾರ್ಡಿಂಗ್ ಆರಿಸಿಕೊಂಡು ಎರಡು ವಾರ ಕೂತು ಕೇಳಿದೆ.

ರಾತ್ರಿ ಊಟ ಆದ ಮೇಲೆ, ಫ್ಯಾನ್ ಆಫ್ ಮಾಡಿ, ಅದೇ ಹೆಡ್‌ಫೋನ್‌ನಲ್ಲಿ ದಿನಕ್ಕೆ ಒಂದೇ ಮೂವ್‌ಮೆಂಟ್, ಅಂದರೆ ಕೃತಿಯ ಮೂರು ಭಾಗಗಳಲ್ಲಿ ಒಂದು. ನಾಲ್ಕರ ವಾಲ್ಯೂಮನ್ನೂ ಮೊದಲೇ ಒಂದೇ ಮಟ್ಟಕ್ಕೆ ತಂದುಕೊಂಡೆ. ಯಾವುದರ ಸೌಂಡ್ ಸ್ವಲ್ಪ ಜಾಸ್ತಿ ಇರುತ್ತದೋ ಅದೇ ಚೆನ್ನಾಗಿದೆ ಅಂತ ಕಿವಿ ಹೇಳಿಬಿಡುತ್ತದೆ, ಅದಕ್ಕೆ.

ಈ ಕಾನ್ಸೆರ್ಟೊ ಬರೆದಾಗ ಶೋಪಾನ್‌ಗೆ ಇಪ್ಪತ್ತು ವರ್ಷ. ಮನೆಯಲ್ಲಿ ಕೆಲವೇ ಜನರ ಜೊತೆ ನುಡಿಸಿ ನೋಡಿ, 1830ರ ಅಕ್ಟೋಬರ್ 11ರಂದು ವಾರ್ಸಾದಲ್ಲಿ ವೇದಿಕೆಗೆ ತಂದ. ಸುಮಾರು ಮೂರು ವಾರಕ್ಕೆ ಊರು ಬಿಟ್ಟ. ಮತ್ತೆ ವಾಪಸ್ ಬರಲೇ ಇಲ್ಲ.

ಮೊದಲು ಪಿಯಾನೊ ವಾದಕಿ ಮಾರ್ತಾ ಅರ್ಗೆರಿಚ್. 1968ರ ರೆಕಾರ್ಡಿಂಗ್, ಲಂಡನ್ ಸಿಂಫನಿ ಆರ್ಕೆಸ್ಟ್ರಾ, ಕಂಡಕ್ಟರ್ ಕ್ಲಾಡಿಯೋ ಅಬ್ಬಾಡೊ. ಮೊದಲ ಮೂವ್‌ಮೆಂಟ್‌ನಲ್ಲಿ ಪಿಯಾನೊ ಸುಮಾರು ನಾಲ್ಕು ನಿಮಿಷ ಸುಮ್ನೆ ಕೂತಿರುತ್ತದೆ. ಆಮೇಲೆ ದಪ್ಪ ಸ್ವರಗಳೊಂದಿಗೆ ಒಮ್ಮೆಲೇ ಎದ್ದು ಬರುತ್ತದೆ. ಆ ಪ್ರವೇಶ ಅರ್ಗೆರಿಚ್ ಕೈಯಲ್ಲಿ ಎಷ್ಟು ಸಲ ಕೇಳಿದರೂ ಮೈ ಜುಮ್ಮೆನ್ನುತ್ತದೆ. ಕೊನೆಯ ಮೂವ್‌ಮೆಂಟ್ ಕ್ರಾಕೋವಿಯಾಕ್ ಅನ್ನುವ ಪೋಲೆಂಡ್ ಕುಣಿತದ ಲಯದಲ್ಲಿದೆ. ಅಲ್ಲಂತೂ ಅವರನ್ನು ಮೀರಿಸಿದವರು ಈ ನಾಲ್ವರಲ್ಲಿ ಇಲ್ಲ. ಆದರೆ ಆರ್ಕೆಸ್ಟ್ರಾ ಹಿಂದೆ ದೂರದಲ್ಲಿ ಎಲ್ಲೋ ಇದೆ ಅನ್ನಿಸುತ್ತದೆ. ಅಷ್ಟು ಜನ ಇದ್ದಾರೆ, ಒಬ್ಬೊಬ್ಬರ ದನಿ ಬೇರೆಯಾಗಿ ಕೇಳುವುದಿಲ್ಲ.

ಕ್ರಿಸ್ಟಿಯನ್ ಜಿಮರ್‌ಮನ್ ಇದಕ್ಕೆ ಪೂರ್ತಿ ಉಲ್ಟಾ. ಶೋಪಾನ್ ತೀರಿಕೊಂಡು 150 ವರ್ಷವಾದ 1999ರಲ್ಲಿ ಅವರು ಪೋಲೆಂಡ್‌ನ ವಾದಕರನ್ನು ತಾವೇ ಆರಿಸಿ ಒಂದು ಆರ್ಕೆಸ್ಟ್ರಾ ಕಟ್ಟಿದರು. ಪಿಯಾನೊ ಮುಂದೆ ಕೂತೇ ಅದನ್ನು ನಡೆಸಿದರು. ಅರ್ಗೆರಿಚ್ ಸುಮಾರು 19 ನಿಮಿಷದಲ್ಲಿ ಮುಗಿಸುವ ಮೊದಲ ಮೂವ್‌ಮೆಂಟ್ ಇಲ್ಲಿ 23 ದಾಟುತ್ತದೆ. ಆರ್ಕೆಸ್ಟ್ರಾ ಸಪ್ಪೆ ಅನ್ನುವವರಿಗೆ ಇಲ್ಲಿನ ಮೊದಲ ನಾಲ್ಕು ನಿಮಿಷ ಕೇಳಿಸಬೇಕು. ಒಂದೊಂದು ಸಾಲೂ ಉಸಿರಾಡುತ್ತದೆ. ಅಷ್ಟಾದರೂ ಪೂರ್ತಿ ಕೇಳಿದಾಗ ನನಗೆ ಸುಸ್ತಾಯಿತು. ಪ್ರತಿ ತಿರುವಿನಲ್ಲೂ ನಿಧಾನಿಸಿ, ಇಲ್ಲಿ ನೋಡಿ, ಇಲ್ಲಿ ನೋಡಿ ಅಂತ ತೋರಿಸುತ್ತಾರೆ. ಇಪ್ಪತ್ತರ ಹುಡುಗನ ಸಂಗೀತಕ್ಕೆ ಅಷ್ಟೊಂದು ಯೋಚನೆಯ ಭಾರ ಬೇಡವಾಗಿತ್ತು.

ಉಳಿದ ಎರಡು ಸಣ್ಣ ತಂಡದವು. ಫುಮಿಕೊ ಶಿರಾಗಾ ಬರೀ ಐದು ತಂತಿವಾದ್ಯಗಳ ಜೊತೆ ನುಡಿಸಿದ್ದಾರೆ: ಇಗ್‌ಡ್ರಾಸಿಲ್ ಕ್ವಾರ್ಟೆಟ್‌ನ ನಾಲ್ವರು, ಜೊತೆಗೊಂದು ಡಬಲ್ ಬೇಸ್. ಮರಿಯಾ ಜುವಾವ್ ಪಿರೆಶ್ ಜೊತೆಗಿರುವುದು ಚೇಂಬರ್ ಆರ್ಕೆಸ್ಟ್ರಾ ಆಫ್ ಯುರೋಪ್, ಕಂಡಕ್ಟರ್ ಇಮ್ಯಾನುಯೆಲ್ ಕ್ರಿವೀನ್. ಇವೆರಡರ ನಡುವೆ ಆರಿಸಲು ನನಗೆ ಜಾಸ್ತಿ ದಿನ ಹಿಡಿಯಿತು.

ಎಲ್ಲ ತೀರ್ಮಾನವಾಗಿದ್ದು ರೊಮಾನ್ಸ್ ಅನ್ನುವ ನಡುವಿನ ಮೂವ್‌ಮೆಂಟ್‌ನಲ್ಲಿ. ವಸಂತದ ಬೆಳದಿಂಗಳ ರಾತ್ರಿ ಕನಸು ಕಂಡ ಹಾಗೆ ಇದು ಇರಬೇಕು ಅಂತ ಶೋಪಾನ್ ಗೆಳೆಯ ಟೈಟಸ್‌ಗೆ ಕಾಗದ ಬರೆದಿದ್ದ. ವಯಲಿನ್‌ಗಳಿಗೆ ದನಿ ತಗ್ಗಿಸುವ ಮ್ಯೂಟ್ ಹಾಕಿಸಿದ್ದೂ ಅದಕ್ಕೇ. ಮೊದಲಿಗೆ ಆ ಮುಸುಕಿದ ದನಿ ಬರುತ್ತದೆ, ಆಮೇಲೆ ಪಿಯಾನೊ ಹಾಡಲು ಶುರು ಮಾಡುತ್ತದೆ. ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಬಸೂನ್ ಅನ್ನುವ ಊದುವ ವಾದ್ಯ ಒಂದು ಎಳೆ ಸೇರಿಸುತ್ತದೆ. ಅರ್ಗೆರಿಚ್ ರೆಕಾರ್ಡಿಂಗ್‌ನಲ್ಲಿ ಈ ಬಸೂನನ್ನು ನಾನು ಹುಡುಕಿಕೊಂಡು ಕೇಳಬೇಕಾಯಿತು. ಪಿರೆಶ್‌ರಲ್ಲಿ ಅದು ಪಕ್ಕದಲ್ಲೇ ಕೂತು ಮಾತಾಡಿದ ಹಾಗಿದೆ. ಅವರು ಒಂದು ಸ್ವರವನ್ನು ಚೂರು ಹಿಡಿದು ಬಿಟ್ಟರೆ ಬಸೂನ್ ಕಾಯುತ್ತದೆ, ನಂತರ ಜೊತೆಗೂಡುತ್ತದೆ. ನಮ್ಮ ಕಛೇರಿಗಳಲ್ಲಿ ಒಳ್ಳೆಯ ಪಕ್ಕವಾದ್ಯದವರು ಮಾಡುವುದೂ ಇದನ್ನೇ ಅಲ್ವಾ? ಶಿರಾಗಾ ಕಡೆ ಊದುವ ವಾದ್ಯವೇ ಇಲ್ಲ. ತಂತಿಗಳು ಎಷ್ಟೇ ಚೆನ್ನಾಗಿ ನುಡಿಸಿದರೂ ಬಸೂನಿನ ಆ ಮರದ ದನಿ, ಅದರ ಬಿಸುಪು, ನನಗೆ ಬೇಕೆನಿಸಿತು.

ಇನ್ನು ಈ ಭಾಗದ ಕೊನೆ. ಅಲ್ಲಿ ಪಾತ್ರ ಅದಲುಬದಲಾಗುತ್ತದೆ. ರಾಗ ವಯಲಿನ್‌ಗಳಿಗೆ ಹೋಗುತ್ತದೆ, ಪಿಯಾನೊ ಅದರ ಸುತ್ತ ಸಣ್ಣ ಸಣ್ಣ ಸ್ವರಗಳನ್ನು ಸುರಿಯುತ್ತಾ ತಾನೇ ಪಕ್ಕವಾದ್ಯವಾಗುತ್ತದೆ. ಅರ್ಗೆರಿಚ್ ಇಲ್ಲೂ ಮುಂದೆಯೇ ಇರುತ್ತಾರೆ. ಪಿರೆಶ್ ನಿಜವಾಗಿಯೂ ಹಿಂದೆ ಸರಿಯುತ್ತಾರೆ, ಆದರೂ ಒಂದು ಸ್ವರವೂ ಮುಚ್ಚಿಹೋಗುವುದಿಲ್ಲ. ಶಿರಾಗಾ ರೆಕಾರ್ಡಿಂಗ್‌ನಲ್ಲಿ ಆ ರಾಗವನ್ನು ಎತ್ತಿಕೊಳ್ಳುವುದು ಒಂದೇ ವಯಲಿನ್. ಈ ಒಂದು ನಿಮಿಷದ ಮಟ್ಟಿಗೆ ನಾಲ್ಕರಲ್ಲೂ ಅದೇ ಮೇಲು. ಕಣ್ಣು ಒದ್ದೆಯಾಯಿತು. ಆದರೆ ಮೊದಲ ಮೂವ್‌ಮೆಂಟ್‌ನ ಶುರುವಿಗೆ ಐದು ವಾದ್ಯ ಸಾಲುವುದಿಲ್ಲ. ಆ ನಾಲ್ಕು ನಿಮಿಷ ಬಡಕಲಾಗಿ ಕೇಳುತ್ತದೆ.

ಹಾಗಾಗಿ ನನ್ನ ಆಯ್ಕೆ ಪಿರೆಶ್. ಮೊದಲ ಸಲ ಕೇಳುವವರಿಗೆ ಮಾತ್ರ ಅರ್ಗೆರಿಚ್‌ರ ಕೊನೆಯ ಮೂವ್‌ಮೆಂಟ್ ಕೊಡುತ್ತೇನೆ. ಹತ್ತು ನಿಮಿಷದೊಳಗೆ ಶೋಪಾನ್ ಹಿಡಿಸಿಬಿಡುತ್ತಾನೆ.

ಒಂದೇ ಕೊರಗು. ಇನ್ನೊಂದು ಕಾನ್ಸೆರ್ಟೊ ಇದೆಯಲ್ಲ, ಎಫ್ ಮೈನರ್, ಅದನ್ನು ಪಿರೆಶ್ ರಾಯಲ್ ಫಿಲ್‌ಹಾರ್ಮೋನಿಕ್ ಆರ್ಕೆಸ್ಟ್ರಾ ಜೊತೆ ನುಡಿಸಿದ್ದಾರೆ, ಕಂಡಕ್ಟರ್ ಆಂಡ್ರೆ ಪ್ರೆವಿನ್. ತುಂಬಾ ಚೆನ್ನಾಗಿದೆ. ಆದರೂ ಅದರ ನಿಧಾನದ ಭಾಗ ಬಂದಾಗಲೆಲ್ಲ ಈ ಸಣ್ಣ ತಂಡ ನೆನಪಾಗುತ್ತದೆ.