ಕ್ರಯಪತ್ರಕ್ಕೆ ಸಹಿ ಹಾಕುವ ಮುಂಚೆ ಅಂಕಿಗಳನ್ನು ಒಂದೊಂದಾಗಿ ನೋಡಿ: 'ರೀಪ್ಲೇಸ್ ಆಲ್' ಮಾಡಿದ ಅನಾಹುತ

ಜಮೀನು, ಸೈಟು ಕೊಳ್ಳುವವರು ದಯವಿಟ್ಟು ಓದಿ. ಟೈಪಿಂಗ್ ಅಂಗಡಿಗಳಲ್ಲಿ ಕ್ರಯಪತ್ರವನ್ನು ಮೊದಲಿನಿಂದ ಟೈಪ್ ಮಾಡುವುದು ಕಡಿಮೆ. ಹಿಂದೆ ಬಂದವರ ಫೈಲ್ ತೆಗೆದು, ಕಂಟ್ರೋಲ್ ಎಚ್ ಒತ್ತಿ, ಹಳೇ ಹೆಸರಿನ ಜಾಗಕ್ಕೆ ಹೊಸದು ಹಾಕಿ, ಎಲ್ಲ ಕಡೆ ಒಟ್ಟಿಗೇ ಬದಲಿಸುವ 'ರೀಪ್ಲೇಸ್ ಆಲ್' ಕೊಟ್ಟುಬಿಡುತ್ತಾರೆ.

ಅಪ್ಪ ಕೊಂಡ ಜಮೀನಿನ ಪತ್ರವೂ ಹಾಗೇ ತಯಾರಾಯಿತು. ಹೆಸರು, ನಂಬರುಗಳನ್ನು ಬದಲಿಸಿ ಹೇಳುತ್ತಿದ್ದೇನೆ. ಹಳೇ ಫೈಲಿನಲ್ಲಿ ಮಾರಿದವರು ರಾಜು, ನಮಗೆ ಮಾರಿದವರು ಮಂಜುನಾಥ. ಕರಡು ಕೈಗೆ ಬಂದಾಗ 'ಹರಾಜು, ಜಪ್ತಿ, ಅಡಮಾನ ಯಾವುದೂ ಇರುವುದಿಲ್ಲ' ಎನ್ನುವ ಸಾಲು 'ಹಮಂಜುನಾಥ, ಜಪ್ತಿ' ಎಂದಾಗಿತ್ತು. 'ರಾಜುವಿಗೆ' ಇದ್ದದ್ದು 'ಮಂಜುನಾಥವಿಗೆ' ಆಗಿತ್ತು. ಇಂಥವು ಓದಿದ ಕೂಡಲೇ ಗೊತ್ತಾಗುತ್ತವೆ. ಅಲ್ಲೇ ಸರಿ ಮಾಡಿಸಿದೆವು.

ಅಂಕಿಗಳು ಹಾಗಲ್ಲ. ನಮ್ಮ ವಿವರವನ್ನೆಲ್ಲ ಸರಿಯಾಗಿಯೇ ತುಂಬಿದ್ದ ಆಪರೇಟರ್, ಕೊನೆಯಲ್ಲಿ ಹಳೇ ಸರ್ವೆ ನಂಬರ್ 45 ತೆಗೆದು ನಮ್ಮ 62 ಹಾಕಲು ಮತ್ತೆ ರೀಪ್ಲೇಸ್ ಆಲ್ ಒತ್ತಿದ. ಪೂರ್ವದ ಚಕ್ಕುಬಂದಿಯಲ್ಲಿದ್ದ (ಗಡಿಯ ವಿವರದಲ್ಲಿದ್ದ) 145 ಹೋಗಿ 162 ಆಯಿತು. ಹಿಂದಿನ ದಸ್ತಾವೇಜು ನಂಬರ್ 1453 ಹೋಗಿ 1623 ಆಯಿತು. ಒಂದು ಕಡೆ ಕನ್ನಡ ಅಂಕಿಯಲ್ಲಿ ೪೫ ಅಂತಿತ್ತು, ಅದು ಮಾತ್ರ ಹಾಗೇ ಉಳಿಯಿತು. 162 ನೋಡಿದರೆ ತಪ್ಪು ಅಂತ ಯಾರಿಗೆ ತಾನೇ ಅನಿಸುತ್ತದೆ? ನೋಂದಣಿ ಮುಗಿಯಿತು. ಅಪ್ಪ ಸಾಲಕ್ಕೆ ಹೋದಾಗ ಬ್ಯಾಂಕಿನ ವಕೀಲರು ಹಳೇ ಪತ್ರದ ಜೊತೆ ಇಟ್ಟು ನೋಡಿ ವಾಪಸ್ ಕಳಿಸಿದರು. ಈಗ ತಿದ್ದುಪಡಿ ಪತ್ರ ಮಾಡಿಸಬೇಕು, ಮಾರಿದವರು ಮತ್ತೆ ಬಂದು ಸಹಿ ಹಾಕಬೇಕು. ದುಡ್ಡು ಎಣಿಸಿಕೊಂಡು ಹೋದವರನ್ನು ಮತ್ತೆ ಕರೆಸುವುದು ಎಷ್ಟು ಕಷ್ಟ ಅಂತ ಅನುಭವಿಸಿದವರಿಗೇ ಗೊತ್ತು.

ಪತ್ರ ಮಾಡಿಸುವಾಗ ಆಪರೇಟರ್ ಪಕ್ಕದಲ್ಲೇ ಕೂತುಕೊಳ್ಳಿ. ರೀಪ್ಲೇಸ್ ಆಲ್ ಬೇಡ, 'ಫೈಂಡ್ ನೆಕ್ಸ್ಟ್' ಒತ್ತುತ್ತಾ ಒಂದೊಂದೇ ನೋಡಿ ಬದಲಿಸಿ ಅನ್ನಿ. ವರ್ಡ್‌ನಲ್ಲಿ ಕಂಟ್ರೋಲ್ ಎಫ್ ಒತ್ತಿದರೆ ಸಿಕ್ಕಿದ್ದೆಲ್ಲ ಎಡಗಡೆ ಪಟ್ಟಿಯಾಗಿ ಬರುತ್ತದೆ, ಅದರಲ್ಲಿ 145 ಇದ್ದರೆ ಬದಲಿಸುವ ಮೊದಲೇ ಕಾಣುತ್ತದೆ. ಅಂಕಿಗಳಿಗೆ 'ಫೈಂಡ್ ಹೋಲ್ ವರ್ಡ್ಸ್ ಓನ್ಲಿ' ಟಿಕ್ ಮಾಡಿಸಿದರೆ 145ರೊಳಗಿನ 45ನ್ನು ಅದು ಮುಟ್ಟುವುದಿಲ್ಲ. ಕನ್ನಡದ ಹೆಸರುಗಳಿಗೆ ಮಾತ್ರ ಇದನ್ನು ನಂಬಬೇಡಿ. ನಮ್ಮಲ್ಲಿ ಹೆಸರಿಗೇ ಪ್ರತ್ಯಯ ಅಂಟಿಕೊಳ್ಳುತ್ತದಲ್ವಾ, ರಾಜುವಿನ, ರಾಜುವನ್ನು ಎಲ್ಲವೂ ತಪ್ಪಿಸಿಕೊಳ್ಳುತ್ತವೆ.

ಇನ್ನೊಂದು ವಿಷಯ. ಹುಡುಕಿದಾಗ ಏನೂ ಸಿಗಲಿಲ್ಲ ಅಂದರೆ ಹಳೇ ಹೆಸರು ಫೈಲಿನಲ್ಲಿ ಇಲ್ಲವೇ ಇಲ್ಲ ಅಂತ ಅಂದುಕೊಳ್ಳಬೇಡಿ. ಅನುಸ್ವಾರದ ಬದಲು ಕನ್ನಡ ಸೊನ್ನೆ ಒತ್ತಿ ಟೈಪ್ ಮಾಡುವವರು ಬಹಳ ಜನ. 'ಮಂಜು', 'ಮ೦ಜು' ಎರಡೂ ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. 'ನುಡಿ' ತಂತ್ರಾಂಶದ ಹಳೇ ಫಾಂಟಿನ ಫೈಲಿನಲ್ಲಿ ಈಗಿನ ಯುನಿಕೋಡ್ ಕೀಲಿಮಣೆಯಿಂದ ಹುಡುಕಿದರೂ ಅಷ್ಟೇ, ಎರಡರ ಅಕ್ಷರ ಸಂಕೇತಗಳೇ ಬೇರೆ, ಒಂದೂ ಸಿಗುವುದಿಲ್ಲ.

ಕೊನೆಗೆ ಪ್ರಿಂಟ್ ತೆಗೆಸಿ, ಮೂಲ ಪತ್ರ ಮತ್ತು ಪಹಣಿಯನ್ನು ಪಕ್ಕದಲ್ಲಿಟ್ಟುಕೊಳ್ಳಿ. ಒಬ್ಬರು ಅಂಕಿಗಳನ್ನು ಜೋರಾಗಿ ಓದಲಿ, ಇನ್ನೊಬ್ಬರು ಪೆನ್ನಿನಿಂದ ಗುರುತು ಹಾಕುತ್ತಾ ಹೋಗಲಿ. ಆಪರೇಟರ್ ಅವಸರ ಮಾಡಿದರೂ ಬಿಡಬೇಡಿ.